ಕ್ಲಾರಿನೆಟ್: 3.5 ರೀಡ್ ಹಾಕಿದ್ಮೇಲೆ ಬರೀ ಗಾಳಿ, ಮೇಲಿನ ಸ್ವರಾನೇ ಬರ್ತಿಲ್ಲ

ಊದುಗೊಳವೆ_ತುಮಕೂರು:
ಯಾರಾದ್ರೂ ಹೇಳ್ರಪ್ಪ, ತಲೆ ಕೆಟ್ಟೋಗಿದೆ. ಇಷ್ಟ್ ದಿನ 2.5 ನಂಬರ್ ರೀಡ್ (ಮೌತ್‌ಪೀಸಿಗೆ ಕಟ್ಟೋ ಬೆತ್ತದ ಪಟ್ಟಿ) ಊದ್ತಿದ್ದೆ. ನಮ್ ಬ್ಯಾಂಡಲ್ಲಿ ಸೀನಿಯರ್ ಒಬ್ರು ದೊಡ್ಡೋರೆಲ್ಲ 3.5 ಊದೋದು ಅಂದ್ರು ಅಂತ ಒಂದ್ ಬಾಕ್ಸ್ ತಗೊಂಡೆ, ಈಗ ಸ್ವರಕ್ಕಿಂತ ಗಾಳಿನೇ ಜಾಸ್ತಿ, ಬ್ರೇಕ್ (ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಹೋಗೋ ಜಾಗ) ದಾಟಿ ಮೇಲಿನ ಸಿ ಹತ್ರ ಹೋದ್ರೆ ಸೌಂಡೇ ಇಲ್ಲ, ಇಲ್ಲಾಂದ್ರೆ ಕೀಂಯ್ ಅನ್ನುತ್ತೆ, ಸ್ವಲ್ಪ ಹೊತ್ತಿಗೆ ದವಡೆ ಬಿದ್ದೋಗುತ್ತೆ. ಬಾಕ್ಸಲ್ಲಿರೋ ಯಾವ ರೀಡ್ ಹಾಕಿದ್ರೂ ಇದೇ ಕಥೆ. ಕ್ಲಾರಿನೆಟ್ ಯಮಹಾ 255, ಕಂಡೀಷನ್ ಚೆನ್ನಾಗಿದೆ.

ಧಾರವಾಡ_ಬಿಫ್ಲಾಟ್:
ತೂತು ಮುಚ್ಚೋ ಪ್ಯಾಡ್ ಲೀಕ್ ಐತ್ರಿ, ನೂರಕ್ ನೂರು. ತೂತೆಲ್ಲಾ ಮುಚ್ಚಿ, ಜಾಯಿಂಟಿನ (ಕೊಳವಿಯ ಒಂದೊಂದು ತುಂಡು) ತಳಕ್ಕ ಅಂಗೈ ಒತ್ತಿ ಗಾಳಿ ಎಳೀರಿ. ಹಿಡಕೊಂಡ್ ನಿಲ್ಲಬೇಕು.

ಊದುಗೊಳವೆ_ತುಮಕೂರು:
ನೋಡ್ದೆ ಸಾರ್, ಎರಡೂ ಜಾಯಿಂಟ್ ಗಟ್ಟಿ ನಿಲ್ಲುತ್ತೆ. ಹಳೇ 2.5 ಹಾಕಿದ್ರೆ ಎಲ್ಲಾ ಸ್ವರ ಬರುತ್ತೆ.

ಧಾರವಾಡ_ಬಿಫ್ಲಾಟ್:
ಹಂಗಾರ ಮೇಲಿನ ಸ್ವರಕ್ಕ ಒತ್ತೋ ರಜಿಸ್ಟರ್ ಕೀ ಪ್ಯಾಡ್ ನೋಡ್ರಿ. ಸಿಗರೇಟ್ ಪೇಪರ್ ಇಟ್ಟು ಎಳದ್ರ ಗೊತ್ತಾಗ್ತದ. ನಾ ಎಷ್ಟ್ ನೋಡೇನಿ, ಕಡೀಗೆ ಪ್ಯಾಡೇ ಇರ್ತದ.

ಕಡಲ_ಗಾಳಿ:
ರೀಡ್ ಬಿಗಿದು ಕಟ್ಟೋ ಲಿಗೇಚರ್ ಮೆಟಲ್‌ದಾ? ಲೆದರ್‌ದು ಹಾಕಿ ನೋಡಿ ಮಾರಾಯ್ರೆ. ನನ್ನ ಬುಫೆ ಆರ್13 ಕ್ಲಾರಿನೆಟ್‌ಗೆ ಲೆದರ್ ಹಾಕಿದ್ಮೇಲೆ ಟೋನೇ ಬೇರೆ. ಫೋಟೋ ಬೇಕಾದ್ರೆ ಹಾಕ್ತೇನೆ.

ಧಾರವಾಡ_ಬಿಫ್ಲಾಟ್:
ಲಿಗೇಚರ್‌ದಾಗ ಏನೂ ಇಲ್ರಿ, ಜರ್ಮನಿಯೊಳಗ ಇನ್ನೂ ದಾರಾ ಸುತ್ತಿ ಊದ್ತಾರ. ಆರ್13 ತೋರಸಾಕ ಬೇರೆ ಥ್ರೆಡ್ ತಗೀರಿ.

ಕಡಲ_ಗಾಳಿ:
ಇಲ್ಲಿ ಕೇಳಿದ್ದಕ್ಕೆ ಹೇಳಿದ್ದು ಅಷ್ಟೇ.

ಬೆತ್ತದ_ಹುಚ್ಚ:
ಎಲ್ಲಾ ಕೇಳಿದ್ರಿ, ಮೌತ್‌ಪೀಸ್ ಯಾವ್ದು ಅಂತ ಒಬ್ರೂ ಕೇಳಿಲ್ವಲ್ಲ! ಮತ್ತೆ ಆ 2.5 ಯಾವ ಕಂಪ್ನೀದು?

ಊದುಗೊಳವೆ_ತುಮಕೂರು:
ಮಾಮೂಲಿ ಬಿ45 ಸಾರ್, ಎಲ್ರೂ ಹಾಕೋದು ಅದೇ ತಾನೇ. ಕ್ಲಾರಿನೆಟ್ ಜೊತೇಲಿ ಬಂದಿದ್ದ 4ಸಿ ಮೌತ್‌ಪೀಸ್ ಎತ್ತಿಟ್ಟೆ. 2.5 ರೀಕೋ ಕಿತ್ತಳೆ ಬಾಕ್ಸ್, ಹೊಸದು ವ್ಯಾಂಡೋರೆನ್ ನೀಲಿ ಬಾಕ್ಸ್.

ಬೆತ್ತದ_ಹುಚ್ಚ:
ಅಲ್ಲೇ ಇದೆ ನೋಡಿ. 4ಸಿ ತುದಿಗೂ ರೀಡಿಗೂ ನಡುವೆ ತೆರೆದಿರೋದು 1.05 ಮಿಮೀ, ಬಿ45ದು ಹತ್ರ ಹತ್ರ 1.2. ತುದಿ ಅಗಲ ಆದಷ್ಟೂ ರೀಡ್ ಜಾಸ್ತಿ ದೂರ ಬಗ್ಗಬೇಕು, ಹಾಗಾಗಿ ಸಾಮಾನ್ಯವಾಗಿ ಮೆತ್ತಗಿರೋದು ಬೇಕಾಗುತ್ತೆ, ನೀವು ಅಗಲ ತುದಿಗೆ ಗಟ್ಟಿ ರೀಡ್ ಕೊಟ್ಟಿದ್ದೀರಿ. ಅದರ ಮೇಲೆ ರೀಕೋ 2.5 ವ್ಯಾಂಡೋರೆನ್ 2.5ಕ್ಕಿಂತ ಮೆತ್ತಗೆ, ಅಂದ್ರೆ ಬಾಕ್ಸ್ ಮೇಲೆ ಕಾಣೋದಕ್ಕಿಂತ ದೊಡ್ಡ ಜಿಗಿತ. ನಂಬರ್ ಅನ್ನೋದು ಬೆತ್ತ ಎಷ್ಟು ಬಿಗಿ ಅನ್ನೋದಷ್ಟೇ, ಊದೋನ ದರ್ಜೆ ಅಲ್ಲ. 3.5 ಊದೋರಲ್ಲಿ ತುಂಬಾ ಜನದ್ದು ಕಿರಿದಾದ ತುದಿ ಇರುತ್ತೆ. ನೀಲಿ ಬಾಕ್ಸಲ್ಲೇ 2.5 ತಗೊಳ್ಳಿ, ಆಮೇಲೆ ಬೇಕಾದ್ರೆ 3. ಅಲ್ಲೀವರೆಗೂ ಇರೋ 3.5ನ ಮೌತ್‌ಪೀಸ್ ತುದಿಗಿಂತ ಒಂದ್ ಕೂದಲೆಳೆ ಕೆಳಗಿಳಿಸಿ ಕಟ್ಟಿ, ಸ್ವಲ್ಪ ಹಗುರ ಆಗುತ್ತೆ.

ಧಾರವಾಡ_ಬಿಫ್ಲಾಟ್:
ಆದರೂ ಪ್ಯಾಡ್ ಒಮ್ಮೆ ತೋರಸ್ರಿ.

ಊದುಗೊಳವೆ_ತುಮಕೂರು:
ಕೆಳಗಿಳಿಸಿದೆ, ಸಿ ಬಂತು, ಅದರ ಮೇಲಿಂದು ಇನ್ನೂ ಕಿರುಚುತ್ತೆ. 2.5 ಆರ್ಡರ್ ಹಾಕಿದೀನಿ.

ಎಂ13_ಮೈಸೂರು:
ಬಾಕ್ಸಲ್ಲಿ ಮುಟ್ಟದೇ ಇರೋ 3.5 ಉಳಿದಿದ್ಯಾ? ನನ್ನ ಎಂ13 ಮೌತ್‌ಪೀಸ್ ತುದಿ ಕಿರಿದು, ಅದಕ್ಕೆ ಸರಿಹೋಗುತ್ತೆ. ರೇಟ್ ಹೇಳಿ.