ಅಪ್‌ಡೇಟ್: ತಂಡದ ಇಬ್ಬರ ಜಗಳ ಕೊನೆಗೂ ತಣ್ಣಗಾಯಿತು

ನನ್ನ ತಂಡದ ಇಬ್ಬರು ಮೀಟಿಂಗ್‌ನಲ್ಲಿ ಮುಖ ಕೊಟ್ಟು ಮಾತಾಡಲ್ಲ, ಇಮೇಲ್‌ನಲ್ಲಿ ಎಲ್ಲರನ್ನೂ ಸೇರಿಸಿಕೊಂಡು ಕಿತ್ತಾಡುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

"ಇಬ್ಬರನ್ನೂ ಎದುರುಬದುರು ಕೂರಿಸಿ" ಅನ್ನೋ ಸಲಹೆಯನ್ನು ಮೊದಲು ಮಾಡಿ ನೋಡಿದೆ. ಆಗಲಿಲ್ಲ. ಇಬ್ಬರೂ ಹಳೇ ಇಮೇಲ್ ತೆಗೆದು ಓದೋಕೆ ಶುರು ಮಾಡಿದರು.

ಕೈ ಹಿಡಿದಿದ್ದು ಇನ್ನೊಂದು ಸಲಹೆ: ಒಬ್ಬೊಬ್ಬರ ಜೊತೆ ಬೇರೆಯಾಗಿ ಕೂತು, "ಅವರು ಎಂಥವರು" ಅನ್ನೋದು ಬಿಟ್ಟು, "ನಿಮ್ಮ ಕೆಲಸ ಎಲ್ಲಿ ನಿಲ್ಲುತ್ತಿದೆ" ಅಂತ ಮಾತ್ರ ಕೇಳುವುದು. ಆಶ್ಚರ್ಯ ಅಂದರೆ ಇಬ್ಬರೂ ಹೇಳಿದ್ದು ಒಂದೇ ವಿಷಯ! ಗ್ರಾಹಕರು ಕೊನೆ ಗಳಿಗೆಯಲ್ಲಿ ಬದಲಾವಣೆ ಕೇಳಿದರೆ ಹೂಂ ಅನ್ನಬೇಕಾದವರು ಯಾರು ಅಂತ ಎಲ್ಲೂ ತೀರ್ಮಾನ ಆಗಿರಲಿಲ್ಲ. ಒಬ್ಬರು ಒಪ್ಪಿಕೊಂಡು ಬರುತ್ತಿದ್ದರು, ಇನ್ನೊಬ್ಬರು ರಾತ್ರಿ ಕೂತು ಮುಗಿಸುತ್ತಿದ್ದರು. ಸಿಟ್ಟು ಬರೋದು ಸಹಜ ಅಲ್ವಾ?

ಆಮೇಲೆ ಮೂವರೂ ಕೂತು ಒಂದೇ ಸಾಲು ಬರೆದೆವು: ಕೆಲಸ ಮಾಡುವವರು ಎಷ್ಟು ಸಮಯ ಬೇಕು ಎಂದು ಹೇಳಿದ ಮೇಲೆಯೇ ಗ್ರಾಹಕರಿಗೆ ಒಪ್ಪಿಗೆ. ಇಮೇಲ್ ಕಿತ್ತಾಟ ನಿಂತಿದೆ. ಇಬ್ಬರೂ ಸ್ನೇಹಿತರೇನೂ ಆಗಿಲ್ಲ, ಆಗಲಿ ಅಂತ ನಾನು ಒತ್ತಾಯಿಸುವುದೂ ಇಲ್ಲ.

ಎಚ್‌ಆರ್‌ಗೆ ಹೇಳಿ ಎಂದವರಿಗೆ: ಅಗತ್ಯ ಬೀಳಲಿಲ್ಲ. ಆದರೆ ಬೆದರಿಕೆ, ಕಿರುಕುಳ ನಡೆಯುತ್ತಿದ್ದರೆ ಸುಮ್ನೆ ಕಾಯಬೇಡಿ, ಮೊದಲು ಅಲ್ಲಿಗೇ ಹೋಗಿ. ನನ್ನ ದಾರಿ ಅಂಥದ್ದಕ್ಕಲ್ಲ.