ಅಪ್‌ಡೇಟ್: ಮಿಯಾಟಾ ಡಲ್ಲಾಸ್ ಸೇರಿತು

ಲಾಸ್ ಏಂಜಲೀಸ್‌ನಿಂದ ಡಲ್ಲಾಸ್‌ಗೆ, ಸುಮಾರು 2,300 ಕಿಲೋಮೀಟರ್, ನನ್ನ ಮ್ಯಾನುಯಲ್ ಗೇರ್‌ನ ಮಿಯಾಟಾ (ಮಾಜ್ಡಾದ ಎರಡು ಸೀಟಿನ ಪುಟ್ಟ ಕಾರು) ಇನ್ನೊಂದು ಗಾಡಿಗೆ ಕಟ್ಟಿ ಎಳೆದೊಯ್ಯೋದು ಹೇಗೆ ಅಂತ ಇಲ್ಲಿ ಕೇಳಿದ್ದೆ. ಮುಂದಿನ ಚಕ್ರ ಮಾತ್ರ ಡಾಲಿ (ಎರಡು ಚಕ್ರದ ಪುಟ್ಟ ಟ್ರೇಲರ್) ಮೇಲಿಟ್ಟು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಸಾಕು ಅಂದುಕೊಂಡಿದ್ದೆ. ಬೇಡ ಅಂದವರಿಗೆಲ್ಲ ಥ್ಯಾಂಕ್ಸ್. ಇದು ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಕಾರು. ಎಂಜಿನ್ ಆಫ್ ಇದ್ದರೂ ರಸ್ತೆ ಮೇಲೆ ಉರುಳುವ ಹಿಂದಿನ ಚಕ್ರದ ಜೊತೆ ಗೇರ್‌ಬಾಕ್ಸ್‌ನ ಹಿಂದಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಆದರೆ ಎಣ್ಣೆ ಎರಚುವ ಕೆಳಗಿನ ಗೇರುಗಳು ಸುಮ್ನೆ ನಿಂತಿರುತ್ತವೆ. ಬೇರಿಂಗ್ ಒಣಗಿ ಸುಡುತ್ತದೆ. ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದ ಕೊಳವೆ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಬಿಚ್ಚಬಹುದಿತ್ತು, ಆದರೆ ಅದು ಕೂರುವ ತೂತಿನಿಂದ ಗೇರ್ ಆಯಿಲ್ ಸೋರುತ್ತದೆ.

ಕೊನೆಗೆ ನಾಲ್ಕೂ ಚಕ್ರ ಮೇಲೇರುವ ಟ್ರೇಲರ್ ಬಾಡಿಗೆಗೆ ತಗೊಂಡೆ. ದುಬಾರಿ, ಆದರೆ ಹೊಸ ಗೇರ್‌ಬಾಕ್ಸ್‌ಗಿಂತ ಅಗ್ಗ ಅಲ್ವಾ? ಹತ್ತಿಸುವಾಗ ಮುಂದಿನ ಬಂಪರ್ ರ‍್ಯಾಂಪಿಗೆ ಕರ್ರ್ ಅಂತ ಉಜ್ಜಿತು. ಹಿಂದೆ ತಂದು, ಚಕ್ರದಡಿ ಎರಡು ಹಲಗೆ ಇಟ್ಟ ಮೇಲೆ ಸಲೀಸಾಗಿ ಹತ್ತಿತು. ಮೊದಲ ಗೇರ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಪಟ್ಟಿ.

ಅರ್ಧ ಗಂಟೆ ಓಡಿಸಿ ನೋಡಿದರೆ ಎಡಗಡೆ ಪಟ್ಟಿಯಲ್ಲಿ ಎರಡು ಬೆರಳು ತೂರುವಷ್ಟು ಸಡಿಲ! ಬಿಗಿದೆ. ಆಮೇಲೆ ಪೆಟ್ರೋಲ್ ಹಾಕಿಸಿದಲ್ಲೆಲ್ಲ ಮುಟ್ಟಿ ನೋಡಿದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿ ಮಿತಿ, ಹಾಗಾಗಿ ಮೊದಲ ದಿನ ಆಮೆ ನಡಿಗೆ. ಮೂರನೇ ದಿನ ಸಂಜೆ ಇಳಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬಂಪರ್ ಗೀರು ಹಾಗೇ ಇದೆ.