ಗೋಣಿಚೀಲ ಯಾರನ್ನೂ ಆರೋಪಿಸುವುದಿಲ್ಲ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ತೋಟದಿಂದ ಕಾಳುಮೆಣಸು ಕಳುವಾದ ಮೇಲೆ ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಹುಡುಗನೊಬ್ಬನ ಬಾಗಿಲ ಬಳಿ ನಮ್ಮ ಗುರುತಿನ ಖಾಲಿ ಗೋಣಿಚೀಲ ಸಿಕ್ಕಿತೆಂದೂ, ಆದ್ದರಿಂದ ಅವನೇ ಕಳ್ಳನೆಂದೂ ಭಾವನವರು ಈ ಗುಂಪಿನಲ್ಲಿ ಬರೆದಿದ್ದಾರೆ. ಅದನ್ನು ಓದಿ ಪುಟ್ಟಿ, ಆ ಚೀಲ ಅವನನ್ನು ಇಂಗ್ಲಿಷಿನಲ್ಲಿ ಹೇಳುವಂತೆ 'ಇನ್‌ಕ್ರಿಮಿನೇಟ್' ಮಾಡುತ್ತದೆ ಎನ್ನಬಹುದೇ, ಹಾಗೆಂದರೆ ಅಪರಾಧ ಸಾಬೀತಾದಂತೆಯೇ ಎಂದು ಕೇಳಿದ್ದಾಳೆ.

ಹಾಗೆನ್ನಬಹುದು ಪುಟ್ಟಿ, ಆದರೆ ಸಾಬೀತಾಯಿತೆಂದು ಅರ್ಥವಲ್ಲ. ಆ ಕ್ರಿಯಾಪದದ ಮೂಲದಲ್ಲಿರುವ ಲ್ಯಾಟಿನ್ನಿನ 'ಕ್ರಿಮೆನ್' ಎಂಬುದಕ್ಕೆ ಆರೋಪ ಎಂಬ ಅರ್ಥವೂ ಇದೆ. ಇಂದಿನ ಬಳಕೆಯಲ್ಲಿ ಅದರ ಕರ್ತೃ ಹೆಚ್ಚಾಗಿ ಒಂದು ವಸ್ತು, ಪತ್ರ ಅಥವಾ ಹೇಳಿಕೆ. ಕನ್ನಡದ 'ಆರೋಪಿಸು' ಮನುಷ್ಯರು ಮಾಡುವ ಕೆಲಸ, ಗೋಣಿಚೀಲ ಯಾರನ್ನೂ ಆರೋಪಿಸಲಾರದು. 'ಸಿಲುಕಿಸು' ಎಂದರೆ ಯಾರೋ ಬೇಕೆಂದೇ ಸಂಚು ಹೂಡಿದರೆಂಬ ಧ್ವನಿ ಬರುತ್ತದೆ. ಆದ್ದರಿಂದ 'ಚೀಲವು ಅವನತ್ತ ಬೊಟ್ಟು ಮಾಡುತ್ತದೆ' ಎಂದೋ, 'ಅವನ ಮೇಲೆ ಸಂಶಯ ತರುತ್ತದೆ' ಎಂದೋ ಹೇಳುವುದು ಸರಿ. ಅಪರಾಧಿ ಎಂದು ತೀರ್ಮಾನಿಸುವುದು ನ್ಯಾಯಾಲಯ ಮಾತ್ರ. ಅಲ್ಲಿಯವರೆಗೆ, ದೂರು ದಾಖಲಾದ ಮೇಲೂ ಅವನು ಕೇವಲ ಆರೋಪಿ.

'ಇನ್‌ಕ್ರಿಮಿನೇಟ್' ಎಂಬ ಪದಕ್ಕೆ ಹೆಚ್ಚು ತೂಕ ಬರುವುದು ಮನುಷ್ಯ ತನ್ನ ವಿರುದ್ಧ ತಾನೇ ನುಡಿಯಬೇಕಾದ ಸಂದರ್ಭದಲ್ಲಿ. ಆರೋಪಕ್ಕೆ ಒಳಗಾದ ಯಾರನ್ನೂ ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತಪಡಿಸಬಾರದೆಂದು ನಮ್ಮ ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಬೆರಳಚ್ಚು ಪಡೆಯುವುದು ಈ ರಕ್ಷಣೆಗೆ ವಿರುದ್ಧವಲ್ಲವೆಂದು 1961ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲವೆಂದು 2010ರಲ್ಲಿ, ನಮ್ಮ ಕರ್ನಾಟಕ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ ತೀರ್ಪಿತ್ತಿತು. ಬೆರಳಚ್ಚು ದೇಹದ ಗುರುತು. ಮಂಪರಿನಲ್ಲಿ ಹೊರಬರುವುದು ಮನಸ್ಸಿನೊಳಗಿನ ಮಾತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲವೆಂಬ ಹಳೆಯ ನಿಯಮವೂ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಉಳಿದಿದೆ; ಆದರೆ ಪೊಲೀಸರ ವಶದಲ್ಲಿರುವವನು ಕೊಟ್ಟ ಸುಳಿವಿನಿಂದ ಮಾಲು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಸಾಕ್ಷ್ಯವಾಗಿ ಪರಿಗಣಿಸಬಹುದು.

ಠಾಣೆಯಲ್ಲಿ ಹೇಳಿದ ತಪ್ಪೊಪ್ಪಿಗೆಯನ್ನೇ ಕಾನೂನು ಇಷ್ಟು ಎಚ್ಚರದಿಂದ ನೋಡುವಾಗ, ಒಂದು ಖಾಲಿ ಚೀಲದ ಆಧಾರದ ಮೇಲೆ ಬಡ ಹುಡುಗನನ್ನು ಕಳ್ಳನೆನ್ನುವುದು ನನಗೆ ಬಹಳ ನೋವಿನ ವಿಷಯ. ತೋಟದ ಚೀಲವನ್ನು ಸೌದೆ ತುಂಬಲು, ಬಾಗಿಲಲ್ಲಿ ಕಾಲೊರೆಸಲು ಲೈನ್‌ಮನೆಗಳಲ್ಲಿ ಬಳಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೂ ಅಲ್ಲದೆ, ಆಧಾರವಿಲ್ಲದೆ ಹೀಗೆ ಬರೆಯುವುದು ಮಾನಹಾನಿಯ ದೂರಿಗೂ ದಾರಿಯಾದೀತು.

ಭಾವನವರೇ, ದಯವಿಟ್ಟು ಆ ಸಂದೇಶವನ್ನು ಅಳಿಸಿ, ಠಾಣೆಗೆ ಕೊಡುವ ದೂರಿನಲ್ಲಿ ಇಷ್ಟನ್ನೇ ಬರೆಯಿರಿ: ಯಾವ ದಿನ ಎಷ್ಟು ಮೆಣಸು ಕಾಣೆಯಾಯಿತು, ಚೀಲ ಎಲ್ಲಿ ಸಿಕ್ಕಿತು, ಅದನ್ನು ಮೊದಲು ನೋಡಿದವರು ಯಾರು. ನಮ್ಮ ತೋಟದ ರೈಟರ್ (ಗುಮಾಸ್ತ) ಇಟ್ಟಿರುವ ಲೆಕ್ಕದ ಪುಸ್ತಕದ ಪ್ರತಿಯನ್ನೂ ಜೊತೆಗೆ ಕೊಡಿ.